ರಿಪೋರ್ಟಿನ 12, ಬಾವಿಯ ಬಿಳಿ ಹುಳ

ಪ್ರಶ್ನೆ: ಮೇಷ್ಟ್ರೇ, ನಮ್ಮ ದಾಳಿಂಬೆ ತೋಟದ ಹಳೇ ಬಾವಿ ನೀರು ಟೆಸ್ಟ್ ಮಾಡಿಸಿದೆವು. ನೈಟ್ರೇಟ್ 12 ಬಂದಿದೆ, ಮಿತಿ 45 ಅಂತೆ. ಚಿಂತೆ ಇಲ್ಲ ಅಲ್ವಾ? ಕೊಡದಲ್ಲಿ ಒಮ್ಮೊಮ್ಮೆ ಅಕ್ಕಿನುಚ್ಚಿನಷ್ಟು ಬಿಳಿ ಹುಳ ಬರುತ್ತವೆ. ಅವಕ್ಕೂ ಇದೇ ಮಿತಿಯಾ? ಸೊಸೆ ಬ್ಲೀಚಿಂಗ್ ಪೌಡರ್ ಸುರಿಯೋಣ ಅನ್ನುತ್ತಾಳೆ.
– ಓದುಗರೊಬ್ಬರು, ಹೊಸದುರ್ಗ ತಾಲ್ಲೂಕು

ಉತ್ತರ: ತಾಯಿ, ನೀವು ಕಳಿಸಿದ ರಿಪೋರ್ಟಿನ ಫೋಟೋ ದೊಡ್ಡದು ಮಾಡಿ ನೋಡಿದೆ. 12ರ ಪಕ್ಕ ಸಣ್ಣಕ್ಷರದಲ್ಲಿ ‘ನೈಟ್ರೋಜನ್ ಲೆಕ್ಕ’ ಎಂದಿದೆ, ಅಂದರೆ ನೈಟ್ರೇಟಿನೊಳಗಿನ ನೈಟ್ರೋಜನ್ ಭಾಗದ ತೂಕ ಮಾತ್ರ. ಎಡವಿದ್ದು ಅಲ್ಲೇ. ನಮ್ಮ ದೇಶದ ಲೀಟರಿಗೆ 45 ಮಿಲಿಗ್ರಾಂ ಮಿತಿ ಇಡೀ ನೈಟ್ರೇಟಿನದು. ನಿಮ್ಮ 12ನ್ನು 4.43ರಿಂದ ಗುಣಿಸಿ, ಸುಮಾರು 53 ಆಗುತ್ತದೆ. ಮಿತಿ ದಾಟಿದೆ. ಬೇಜಾರಾಗಬೇಡಿ, ಚಿತ್ರದುರ್ಗದಲ್ಲಿ ಪಾಠ ಮಾಡುವಾಗ ನಾನೂ ಬೋರ್ಡ್ ಮೇಲೆ ಇದೇ ತಪ್ಪು ಬರೆದು ಹುಡುಗಿಯೊಬ್ಬಳ ಕೈಲಿ ಸಿಕ್ಕಿಬಿದ್ದಿದ್ದೆ.

ಆರು ತಿಂಗಳೊಳಗಿನ ಕೂಸಿಗೆ ಈ ನೀರಲ್ಲಿ ಹಾಲಿನ ಪುಡಿ ಕಲಸಬೇಡಿ. ಕುದಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದ ತನ್ನಿ.

ಈಗ ಹುಳಗಳ ಮಾತು. 45 ಹಾಕಿದ್ದು ಮನುಷ್ಯರ ಕೂಸಿಗಾಗಿ, ಬಾವಿಯೊಳಗಿನ ಜೀವಕ್ಕಲ್ಲ. ಸ್ಪೇನಿನ ಸಂಶೋಧಕರು 2005ರಲ್ಲಿ ನೈಟ್ರೇಟ್ ಬೇಗ ತಾಗುವ ಸಿಹಿನೀರಿನ ಪ್ರಾಣಿಗಳಿಗೆ ನೈಟ್ರೋಜನ್ ಲೆಕ್ಕದಲ್ಲಿ 2 ದಾಟಬಾರದು ಎಂದರು. ಅಂದರೆ ನೈಟ್ರೇಟ್ ಸುಮಾರು 9. ಆದರೆ ಅವರು ಆಧರಿಸಿದ ಪರೀಕ್ಷೆಗಳು ಹೆಚ್ಚಾಗಿ ಹೊಳೆ, ಕೆರೆಯ ಪ್ರಾಣಿಗಳ ಮೇಲೆ ನಡೆದವು. ನೆಲದಡಿ ನೀರಿನ ಕತ್ತಲಲ್ಲಿ, ಕಣ್ಣಿಲ್ಲದೆ, ನಿಧಾನಕ್ಕೆ ಬಾಳುವ ಜೀವಗಳಿಗೆ ಅದನ್ನೇ ಅಂಟಿಸಲು ನನಗೆ ಮನಸ್ಸಿಲ್ಲ. ಇಂಥವು ಕರ್ನೂಲು ಸೀಮೆಯ ಬೇಲಂ ಗುಹೆಗಳಲ್ಲೂ ಇವೆ.

ಇನ್ನೊಂದು ತೊಡಕಿದೆ. ಆಸ್ಟ್ರೇಲಿಯದ ಒಣನಾಡಲ್ಲಿ ಗೊಬ್ಬರದ ಸುಳಿವೇ ಇಲ್ಲದ ಕಡೆಯೂ ನೆಲದಡಿ ನೀರಲ್ಲಿ 45 ದಾಟಿದ ನೈಟ್ರೇಟ್ ಸಿಕ್ಕಿದೆ. ಗೆದ್ದಲ ಹುತ್ತಗಳಿಂದಲೇ ಒಂದಿಷ್ಟು ಬರುತ್ತದೆ. ಅಂಥಲ್ಲಿ 9ರ ಮಿತಿ ಹಿಡಿದು ಕೂತರೆ ಪ್ರಯೋಜನವಿಲ್ಲ. ಅಲ್ಲಿನ ಮೂಲ ಮಟ್ಟ ಎಷ್ಟು, ಅದು ಏರುತ್ತಿದೆಯಾ, ಅದು ಮುಖ್ಯ.

ನಿಮ್ಮ ಕಡೆ ಸುಣ್ಣಕಲ್ಲಿನ ಪಟ್ಟಿ ಇದೆ. ಸುಣ್ಣಕಲ್ಲಿನ ಮೇಲೆ ಮಣ್ಣು ತೆಳು, ಕಲ್ಲಲ್ಲಿ ಬಿರುಕು ಜಾಸ್ತಿ. ನೀರು ಸೋಸಿಕೊಳ್ಳದೆ ಸರ್ರನೆ ಇಳಿಯುತ್ತದೆ. ಒಳಗೆ ಗಾಳಿ ಆಡುವುದರಿಂದ ನೈಟ್ರೇಟನ್ನು ಒಡೆದು ಅನಿಲ ಮಾಡುವ ಬ್ಯಾಕ್ಟೀರಿಯಕ್ಕೂ ಕೆಲಸ ಸಾಗಲ್ಲ. ಒಂದು 45 ಕಿಲೋ ಯೂರಿಯಾ ಮೂಟೆಯ ಸಾರಜನಕ ಪೂರಾ ಕೆಳಗಿಳಿದರೆ ಸುಮಾರು 20 ಲಕ್ಷ ಲೀಟರ್ ನೀರನ್ನು 45ಕ್ಕೆ ಮುಟ್ಟಿಸುತ್ತದೆ. ಹಾಗಾಗಿ ಒಂದೇ ಸಲ ಸುರಿಯದೆ ಡ್ರಿಪ್‌ನಲ್ಲಿ ಸ್ವಲ್ಪ ಸ್ವಲ್ಪವೇ ಬಿಡಿ. ಜೋರು ಮಳೆಯ ಮುನ್ಸೂಚನೆ ಇದ್ದರೆ ಆ ವಾರ ಬೇಡ. ತಿಪ್ಪೆ ಬಾವಿಕಟ್ಟೆಗೆ ಹತ್ತಿರವಿದ್ದರೆ ದೂರ ಮಾಡಿ. ಜೂನ್‌ಗೆ ಮುಂಚೆ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ ಟೆಸ್ಟ್ ಮಾಡಿಸಿ, ಒಂದೇ ಲೆಕ್ಕದಲ್ಲಿ ಬರೆದಿಡಿ.

ಸೊಸೆಗೆ ಹೇಳಿ, ಬ್ಲೀಚಿಂಗ್ ಪೌಡರ್‌ನಿಂದ ನೈಟ್ರೇಟ್ ಹೋಗಲ್ಲ, ಹುಳ ಮಾತ್ರ ಸಾಯುತ್ತವೆ. ಮೊದಲು ಒಂದನ್ನು ಬಿಳಿ ತಟ್ಟೆಯಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಕರಿ ಕಣ್ಣಿದ್ದು ಪಟಪಟ ಜಿಗಿದರೆ ಅದು ಮೇಲ್ನೀರಿನ ಸಾಮಾನ್ಯ ಹುಳವೇ ಇರಬಹುದು. ಕಣ್ಣಿಲ್ಲದೆ, ಬಣ್ಣವಿಲ್ಲದೆ ನಿಧಾನಕ್ಕೆ ಹರಿದಾಡಿದರೆ ಅದು ನೆಲದಡಿ ನೀರಿನದೇ ಜೀವ ಇರಬಹುದು, ಬಾವಿ ನೀರಲ್ಲೇ ಬಾಟಲಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿ, ಫೋಟೋ ಸಮೇತ ಕಳಿಸಿ.