ಮೊಣಕಾಲು ನೋವಿದ್ದವರಿಗೆ ರಾಣಿಪುರಂ ಆಗುತ್ತದಾ?

ಜುಲೈಯಲ್ಲಿ ಅಪ್ಪ ಅಮ್ಮನನ್ನು ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟ ಹತ್ತಿಸಬಹುದಾ, ಅಮ್ಮನಿಗೆ ಮೊಣಕಾಲು ನೋವು ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ. ಕಾರು ಬುಡದವರೆಗೆ ಹೋಗುತ್ತದೆ ನಿಜ, ಆದರೆ ಆಮೇಲೆ ಕಾಡಿನೊಳಗೆ ಏರುದಾರಿ, ಮಳೆಗೆ ಜಾರುತ್ತದೆ, ಜಿಗಣೆ ಬೇರೆ. ನಾನು ಒಮ್ಮೆ ಸುಮ್ನೆ ಚಪ್ಪಲಿಯಲ್ಲಿ ಹೋಗಿ ಅನುಭವಿಸಿದ್ದೇನೆ! ಮೇಲಿನ ಹುಲ್ಲುಗಾವಲು ಮಾತ್ರ ಬಹಳ ಚಂದ, ಮಳೆ ನಿಂತ ಮೇಲೆ ನೀವೊಬ್ಬರೇ ಬನ್ನಿ.

ಅವರಿಗೆ ಅನಂತಪುರ ತೋರಿಸಿ. ಕುಂಬಳೆ ಹತ್ತಿರ, ಕೆರೆಯ ನಡುವೆ ದೇವಸ್ಥಾನ. ಬಬಿಯಾ ಅನ್ನೋ ಮೊಸಳೆ ಇದ್ದದ್ದು ಅಲ್ಲೇ, 2022ರಲ್ಲಿ ತೀರಿಕೊಂಡಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು, ನೋಡಲು ಸಿಕ್ಕಿದರೆ ನಿಮ್ಮ ಅದೃಷ್ಟ. ಅಲ್ಲಿಂದ ಮಧೂರು ದೇವಸ್ಥಾನಕ್ಕೆ ಹೋಗಿ, ಪ್ರಸಾದದ ಸಿಹಿ ತಿಂಡಿ ‘ಅಪ್ಪ’ ಬಿಡಬೇಡಿ. ಗಣಪತಿಗೇ ಹೆಸರಾದರೂ ಅಲ್ಲಿ ಮೂಲ ದೇವರು ಶಿವ, ಮದನಂತೇಶ್ವರ.

ಬೇಕಲ ಕೋಟೆ ಎರಡನೇ ದಿನಕ್ಕಿರಲಿ, ಸಂಜೆ ಹೊತ್ತಿಗೆ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಹೇಳಿದರೆ ನಿಮ್ಮ ಅಪ್ಪನಿಗೆ ಖುಷಿಯಾಗಬಹುದು, ಅಲ್ವಾ? ಒಳಗೆ ನಡೆಯುವುದು ಜಾಸ್ತಿ, ಅಮ್ಮ ಎಲ್ಲಾದರೂ ಕೂತು ಸಮುದ್ರ ನೋಡಲಿ. ತೆಯ್ಯಂ, ಅಂದರೆ ಇಲ್ಲಿನ ದೈವದ ಕುಣಿತ, ಜುಲೈಯಲ್ಲಿ ಸಿಗುವುದು ಕಷ್ಟ, ಅದಕ್ಕೆ ನವೆಂಬರ್‌ನಿಂದ ಮೇ ಒಳಗೆ ಬರಬೇಕು. ವಾಪಸ್ ಹೋಗುವಾಗ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ದಾರಿಯಲ್ಲೇ ಸಿಗುತ್ತದೆ. ಕೊಡೆ ಮರೀಬೇಡಿ.