ಎರಡು ದಿನದ ರಜೆಗೆ ಕಾಸರಗೋಡಿನ ಆಯುರ್ವೇದ ಹೋಟೆಲಿಗೆ ಹೋಗಬಹುದಾ?

ಬೆಂಗಳೂರಲ್ಲಿ ಕೆಲಸ, ಶನಿವಾರ ಭಾನುವಾರ ಮಾತ್ರ ರಜೆ, ಅಮ್ಮನಿಗೆ ಮಂಡಿನೋವು. ಕಾಸರಗೋಡಿನ ಹಳ್ಳಿ ಕಡೆ ಸ್ಪಾ ಇರುವ ಹೋಟೆಲಿಗೆ ಅವರನ್ನು ಕರೆದುಕೊಂಡು ಹೋದರೆ ಕೊಟ್ಟ ದುಡ್ಡಿಗೆ ಪ್ರಯೋಜನ ಉಂಟಾ ಅಂತ ಕೇಳಿದ್ದೀರಿ. ನಾನು ಪೆರ್ಲದ ಹತ್ತಿರದವಳು. ಊರಿನವಳೇ ಆದರೂ ಇಂಥ ಹೋಟೆಲಲ್ಲಿ ಉಳಿದದ್ದು ಒಂದೇ ಸಲ, ಒಂದು ಡಿಸೆಂಬರಿನಲ್ಲಿ, ಸಾಗರದಿಂದ ಬಂದ ಚಿಕ್ಕಮ್ಮನ ಜೊತೆ.

ಹೋಗಿ. ಆದರೆ ಮಂಡಿನೋವಿಗೆ ಅಂತ ಹೋಗಬೇಡಿ, ನಿದ್ದೆಗೆ ಅಂತ ಹೋಗಿ. ಕೇರಳದಲ್ಲಿ ಚಿಕಿತ್ಸೆ ಅಂದರೆ 7 ದಿನ, 14 ದಿನ, 21 ದಿನ ಅಂತ ಲೆಕ್ಕ. ಪಂಚಕರ್ಮ ಅನ್ನುವುದು ಎಣ್ಣೆ ತಿಕ್ಕುವುದಲ್ಲ, ಹೊಟ್ಟೆ ಖಾಲಿ ಮಾಡಿಸುವ ಕೆಲಸ. ಅದಕ್ಕೆ ಪಥ್ಯ ಬೇಕು, ಆಮೇಲೆ ವಿಶ್ರಾಂತಿ ಬೇಕು. 'ಎರಡು ದಿನದ ಪಂಚಕರ್ಮ ಪ್ಯಾಕೇಜ್' ಅಂತ ಯಾರಾದರೂ ಮಾರಿದರೆ ಸುಮ್ನೆ ಫೋನ್ ಇಟ್ಟುಬಿಡಿ. ಎರಡು ದಿನದಲ್ಲಿ ಸಿಗುವುದು ಎರಡು ಅಭ್ಯಂಗ, ಅಂದರೆ ಮೈಗೆಲ್ಲ ಎಣ್ಣೆ ತಿಕ್ಕುವುದು, ಮನಸ್ಸಾದರೆ ಒಂದು ಶಿರೋಧಾರೆ, ಅಂದರೆ ಹಣೆಗೆ ಧಾರೆಯಾಗಿ ಎಣ್ಣೆ ಬಿಡುವುದು. ಅಷ್ಟೇ ಸಾಕು ಕೂಡ.

ನಮ್ಮ ಅನುಭವ ಹೀಗಿತ್ತು. ಹೋಟೆಲಿನ ಹೆಸರು ಬೇಡ. ಬುಕ್ ಮಾಡುವಾಗ 'ಡಾಕ್ಟರ್ ಇದ್ದಾರೆ' ಅಂದಿದ್ದರು. ಹೋಗಿ ನೋಡಿದರೆ ಡಾಕ್ಟರು ವಾರಕ್ಕೆ ಎರಡು ದಿನ ಬರುವವರು. ನಾವು ಹೋದದ್ದು ಮಿಕ್ಕ ಐದು ದಿನಗಳಲ್ಲಿ ಒಂದಕ್ಕೆ. ಚಿಕ್ಕಮ್ಮನಿಗೆ ಬಿಪಿ ಮಾತ್ರೆ ಇದೆ. ಅದನ್ನು ಕೇಳಿದವರು ರಿಸೆಪ್ಷನಿನವರಲ್ಲ, ಎಣ್ಣೆ ಹಚ್ಚುವ ಹೆಂಗಸು. "ಡಾಕ್ಟರು ನೋಡದೆ ಧಾರೆ ಬೇಡ ಅಮ್ಮಾ" ಅಂತ ಅವರೇ ನಿಲ್ಲಿಸಿದರು. ಹೋಟೆಲಿನವರು ದುಡ್ಡು ವಾಪಸ್ ಕೊಡುವ ಬದಲು ಚಿಕ್ಕಮ್ಮನ ಮುಖಕ್ಕೆ ಪಪಾಯದ ಪ್ಯಾಕ್ ಹಾಕಿ ಕಳಿಸಿದರು! ಹಾಗಾಗಿ ನೀವು ಫೋನ್ ಮಾಡುವಾಗ ಒಂದೇ ಪ್ರಶ್ನೆ ಕೇಳಿ: ನಾವು ಬರುವ ದಿನ ಡಾಕ್ಟರು ಎಷ್ಟು ಗಂಟೆಗೆ ಸಿಗುತ್ತಾರೆ? ಗಂಟೆ ಹೇಳದಿದ್ದರೆ ಬೇರೆ ಕಡೆ ನೋಡಿ. ಆಯುರ್ವೇದ ಕೇಂದ್ರಗಳಿಗೆ ಕೇರಳ ಪ್ರವಾಸೋದ್ಯಮ ಇಲಾಖೆಯ ದರ್ಜೆಯೂ ಇದೆ. ಮೊದಲು ಗ್ರೀನ್ ಲೀಫ್, ಆಲಿವ್ ಲೀಫ್ ಅಂತಿತ್ತು, ಈಗ ಆಯುರ್ ಡೈಮಂಡ್, ಗೋಲ್ಡ್, ಸಿಲ್ವರ್. ಅದನ್ನೂ ವಿಚಾರಿಸಿ.

ಅಭ್ಯಂಗದ ಕೋಣೆ ನಡುವೆ ಮರದ ದ್ರೋಣಿ. ಅಂಚು ಎತ್ತರ ಇರುವ ಉದ್ದನೆಯ ಹಲಗೆ, ಎಣ್ಣೆ ಹರಿದುಹೋಗಲು ತುದಿಯಲ್ಲಿ ತೂತು. ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ. ಅಮ್ಮನಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಬಾಗಿಲಲ್ಲೇ ನಿಂತುಬಿಡುತ್ತಾರೆ. ಚಿಕ್ಕಮ್ಮ ಹತ್ತು ನಿಮಿಷ ನಿಂತಿದ್ದರು. ಮಲಗಿದ ಮೇಲೆ ಆ ಹೆಂಗಸು ಬಿಸಿ ಎಣ್ಣೆ ಹಾಕಿ "ಚೂಡ್ ಮದಿಯೋ?" ಅಂತ ಕೇಳಿದರು. ಬಿಸಿ ಸಾಕಾ ಅಂತ ಮಲಯಾಳದಲ್ಲಿ ಕೇಳಿದ್ದು. ಚಿಕ್ಕಮ್ಮನಿಗೆ ಕೇಳಿಸಿದ್ದು 'ಮಡಿಯೋ?' ಅಂತ. "ಹೌದಮ್ಮಾ, ಬೆಳಿಗ್ಗೆಯೇ ಸ್ನಾನ ಆಗಿದೆ" ಅಂದರು. ಪಕ್ಕದ ಕೋಣೆಯಲ್ಲಿದ್ದ ನನಗೆ ನಗು ತಡೆಯಲಾಗದೆ ದ್ರೋಣಿಯಿಂದ ಜಾರುವುದೊಂದು ಬಾಕಿ.

ಭಾಷೆಯ ಹೆದರಿಕೆ ಅಷ್ಟೇನೂ ಬೇಡ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಕನ್ನಡ, ತುಳು ಧಾರಾಳ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದ ಹಾಗೆ ಮಲಯಾಳ ಜಾಸ್ತಿ. ದೊಡ್ಡ ರೆಸಾರ್ಟುಗಳು ಹೆಚ್ಚಾಗಿ ಆ ಕಡೆ, ಬೇಕಲದ ಸುತ್ತ. ನನ್ನನ್ನು ಕೇಳಿದರೆ ಕಡಲಬದಿ ಬಿಟ್ಟು ಒಳನಾಡಿನ ತೋಟದ ನಡುವಿನ ಸಣ್ಣ ಜಾಗ ಹುಡುಕಿ. ಕಡಲು ನೋಡಲು ಚೆಂದ, ಆದರೆ ಅಲ್ಲಿ ಇಡೀ ದಿನ ಜನ. ಅಡಿಕೆ ತೋಟದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಂದು ಸೋಗೆ ಬಿದ್ದರೆ ಅದೇ ದೊಡ್ಡ ಸುದ್ದಿ.

ಒಳನಾಡಿನಲ್ಲಿ ಉಳಿದರೆ ಸುರಂಗ ತೋರಿಸಲು ಹೇಳಿ. ನಮ್ಮ ಕಡೆ ನೀರಿಗಾಗಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆಯುತ್ತಾರೆ. ಒಳಗೆ ಒಸರುವ ನೀರು ತಾನೇ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ನಾನು ಆ ನೀರಲ್ಲೇ ಮಿಂದು ಬೆಳೆದವಳು. ಹೋಟೆಲಿನ ನೀಲಿ ಟೈಲ್ಸಿನ ಕೊಳಕ್ಕೆ ಇಳಿದಾಗ ಕ್ಲೋರಿನ್ ವಾಸನೆಗೆ ಮೂಗು ಮುಚ್ಚಿಕೊಂಡೆ.

ಹಾಗೆ ನೋಡಿದರೆ ಎಣ್ಣೆಸ್ನಾನವೂ ಅಷ್ಟೇ. ನಮ್ಮಜ್ಜಿ ಬಚ್ಚಲುಮನೆಯಲ್ಲಿ ಕೂರಿಸಿ ತೆಂಗಿನೆಣ್ಣೆ ತಿಕ್ಕಿ, ದಾಸವಾಳ ಸೊಪ್ಪಿನ ಗೊಂಪು ತಲೆಗೆ ಹಾಕಿ, ಹಂಡೆ ನೀರು ಸುರಿಯುತ್ತಿದ್ದರು. ಬಿಲ್ ಇಲ್ಲ, ಬೈಗುಳ ಮಾತ್ರ. ಒಂದು ರಾತ್ರಿಯ ಬಾಡಿಗೆ ಕೇಳಿ ಚಿಕ್ಕಮ್ಮ ಅದು ಎಷ್ಟು ಕಿಲೋ ಅಡಿಕೆ ಆಯಿತು ಅಂತ ಲೆಕ್ಕ ಹಾಕಿದ್ದರು. ಮತ್ತೆ ಯಾಕೆ ಹೋಗಬೇಕು ಅಂತೀರಾ? ಅಜ್ಜಿ ಈಗಿಲ್ಲ. ಇದ್ದರೂ, ಮನೆಯಲ್ಲಿ ಎಣ್ಣೆ ಹಚ್ಚಿಕೊಂಡು ಕೂತರೆ ಗೇಟಿನ ಹತ್ತಿರ ಯಾರಾದರೂ ಕರೆಯುತ್ತಾರೆ, ಕುಕ್ಕರ್ ಕೂಗುತ್ತದೆ. ಅಭ್ಯಂಗದ ನಂತರ ಚಿಕ್ಕಮ್ಮ ಗಂಜಿ ಕುಡಿದು ಮಧ್ಯಾಹ್ನ ಮಲಗಿದವರು ಎದ್ದದ್ದು ಸಂಜೆ ಆರಕ್ಕೆ. ಮದುವೆಯಾದ ಮೇಲೆ ಹಗಲಲ್ಲಿ ಇಷ್ಟು ಹೊತ್ತು ಮಲಗಿದ್ದು ಇದೇ ಮೊದಲು ಅಂದರು. ನಾನು ಎರಡು ಸಲ ಬಾಗಿಲಿಗೆ ಕಿವಿ ಕೊಟ್ಟು ಉಸಿರಾಡುತ್ತಿದ್ದಾರಾ ಅಂತ ನೋಡಿದ್ದೆ.

ಊರು ಸುತ್ತುವ ಪಟ್ಟಿ ಉದ್ದ ಮಾಡಬೇಡಿ, ಒಂದು ಸಂಜೆಗೆ ಒಂದೇ ಜಾಗ. ನಾವು ಬೇಕಲ ಕೋಟೆಗೆ ಹೋದೆವು, ಕಾಸರಗೋಡಿನಿಂದ ಸುಮಾರು 16 ಕಿಲೋಮೀಟರ್. ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಆಸುಪಾಸು. ಕೆಳದಿ ಚಿಕ್ಕಮ್ಮನ ತಾಲೂಕೇ ಅಲ್ವಾ, ಟಿಕೆಟ್ ಕೇಳಿದವನಿಗೆ "ನಮ್ಮೂರಿನವರದ್ದೇ ಕೋಟೆ" ಅಂದರು. ಟಿಕೆಟಂತೂ ಬಿಡಲಿಲ್ಲ. ಅಮ್ಮನಿಗೆ ಜಾಸ್ತಿ ನಡೆಯುವುದು ಕಷ್ಟ ಆದರೆ ಕೋಟೆ ಬೇಡ. ಕುಂಬಳೆ ಹತ್ತಿರದ ಅನಂತಪುರದಲ್ಲಿ ಕೆರೆಯ ನಡುವಿನ ದೇವಸ್ಥಾನ ಸಾಕು. 'ಬಬಿಯಾ' ಅನ್ನುವ ಮೊಸಳೆ ಇದ್ದದ್ದು ಅಲ್ಲೇ, 2022ರ ಅಕ್ಟೋಬರಿನಲ್ಲಿ ತೀರಿಹೋಯಿತು.

ಯಾವಾಗ ಬರುವುದು? ಏಪ್ರಿಲ್, ಮೇ ಬೇಡ, ಬೆವರಿಗೆ ಎಣ್ಣೆ ಸೇರಿದರೆ ನರಕ. ಆಟಿ ತಿಂಗಳು, ಅಂದರೆ ಮಲಯಾಳಿಗಳ ಕರ್ಕಾಟಕ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಮಳೆಗೆ ಮೈ ಮೆದುವಾಗಿರುತ್ತದೆ, ಎಣ್ಣೆ ಚೆನ್ನಾಗಿ ಹಿಡಿಯುತ್ತದೆ ಅಂತ ಅವರ ನಂಬಿಕೆ. ಚಿಕಿತ್ಸೆಗೆ ಅದೇ ಸೀಸನ್, ಆಗ ಬೇಗ ಬುಕ್ ಮಾಡಿ. ನನಗಂತೂ ಡಿಸೆಂಬರ್ ಇಷ್ಟ, ಬೆಳಗಿನ ಚಳಿಗೆ ಬಿಸಿನೀರಿನ ಬೆಲೆ ಗೊತ್ತಾಗುತ್ತದೆ.

ಬರುವುದಕ್ಕೆ ಬೆಂಗಳೂರಿನಿಂದ ಮಂಗಳೂರು ಮೇಲಾಗಿ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಇದೆ, ಕಾಸರಗೋಡಿನಲ್ಲಿ ನಿಲ್ಲುತ್ತದೆ. ಇಳಿದ ದಿನವೇ ತಲೆಗೆ ಎಣ್ಣೆ ಬೇಡ. ನಾನು ಪ್ರಯಾಣದ ಆಯಾಸದಲ್ಲೇ ಧಾರೆ ಮಾಡಿಸಿ, ಸಂಜೆ ತಲೆಸ್ನಾನ ಮಾಡಿ, ಏಸಿ ಹಾಕಿ ಮಲಗಿದೆ. ಬೆಳಿಗ್ಗೆ ಮೂಗು ಕಟ್ಟಿತ್ತು. ಶೀತ ಆಗದ ಹಾಗೆ ನೆತ್ತಿಗೆ ರಾಸ್ನಾದಿ ಚೂರ್ಣ ಹಚ್ಚಿಕೋ ಅಂತ ಆ ಹೆಂಗಸು ಪೊಟ್ಟಣ ಕೊಟ್ಟಿದ್ದರು, ನಾನೇ ಅಸಡ್ಡೆ ಮಾಡಿದ್ದು.

ಬ್ಯಾಗಿನಲ್ಲಿ ಒಂದು ಹಳೆಯ ದಿಂಬಿನ ಕವರ್, ಒಂದು ಹಳೆಯ ನೈಟಿ ಇಟ್ಟುಕೊಳ್ಳಿ. ಎಷ್ಟು ಹೆಸರುಹಿಟ್ಟು ತಿಕ್ಕಿದರೂ ಆ ಎಣ್ಣೆ ವಾಸನೆ ಎರಡು ಮೂರು ದಿನ ಹೋಗುವುದಿಲ್ಲ. ಸೋಮವಾರ ಆಫೀಸಿನಲ್ಲಿ ಪಕ್ಕದವರು ಕೇಳಿಯೇ ಕೇಳುತ್ತಾರೆ.