ಮುಳುಗಿದ ಊರಿಗೆ ದೋಣಿ

ಪ್ರಶ್ನೆ: ನಾವಿಬ್ಬರೂ ನಿವೃತ್ತ ಶಿಕ್ಷಕರು. ಮದುವೆಯಾದ ಹೊಸದರಲ್ಲಿ ಘಟಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿದ್ದೆವು. ಈಗ ಅದು ಆಲಮಟ್ಟಿ ಹಿನ್ನೀರಿನಲ್ಲಿದೆ. ದೋಣಿಯಲ್ಲಿ ಹೋಗಿ ನೋಡುವ ಆಸೆ. ಯಾವಾಗ ಹೋಗಬೇಕು?
– ದಂಪತಿ, ಬಾಗಲಕೋಟೆ

ಉತ್ತರ: ಖಂಡಿತ ಹೋಗಿ. ಆದರೆ ಏನು ನೋಡಬೇಕು ಅಂತ ಮೊದಲು ಇಬ್ಬರೂ ಮಾತಾಡಿಕೊಳ್ಳಿ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಮಳೆಗಾಲ ಮುಗಿದ ಹೊಸದರಲ್ಲಿ ನೀರು ಸಾಮಾನ್ಯವಾಗಿ ಅದರ ಹತ್ತಿರವೇ ಇರುತ್ತದೆ. ದೋಣಿಗೆ ಒಳ್ಳೇದು, ಊರು ಮಾತ್ರ ಕಾಣುವುದಿಲ್ಲ. ನೀರು ಇಳಿಯುವುದು ಬೇಸಿಗೆಯಲ್ಲಿ.

ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಮನೆಯೂ ಮುಳುಗಡೆಗೆ ಹೋಯಿತು. ಒಂದು ಮೇ ತಿಂಗಳಲ್ಲಿ ಅವ್ವನ ಜೊತೆ ಅಲ್ಲಿಗೆ ಹೋಗಿದ್ದೆ. ಬಿರುಕುಬಿಟ್ಟ ಕೆಸರಿನಲ್ಲಿ ಹೊಸ್ತಿಲ ಕಲ್ಲು ಸಿಕ್ಕಿತು. ಅವ್ವ ಅದನ್ನು ಸೆರಗಿನಿಂದ ಒರೆಸಿದಳು. ಆಮೇಲೆ ದಾಟಿ ಒಳಗೆ ಹೋಗಿ, "ಒಲೆ ಇಲ್ಲೇ ಇತ್ತು" ಅಂತ ನಿಂತಳು. ದೋಣಿಯಿಂದ ಇದು ಸಿಗುವುದಿಲ್ಲ, ಅಲ್ವಾ?

ಅದಕ್ಕೇ ಎರಡೂ ಸಲ ಹೋಗಿ. ಚಳಿಗಾಲದಲ್ಲಿ ದೋಣಿ, ಆಗ ಪಟ್ಟೆತಲೆ ಹೆಬ್ಬಾತುಗಳೂ ಹಿನ್ನೀರಿಗೆ ಬಂದಿರುತ್ತವೆ. ಬೇಸಿಗೆಯಲ್ಲಿ ನಡಿಗೆ. ಗಾಳಿ ಏಳುವ ಮೊದಲು, ಬೆಳಗ್ಗೆಯೇ ಹೊರಡಿ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಲೇಬೇಡಿ. ಒಣಗಿದಂತೆ ಕಾಣುವ ಕೆಸರು ಒಳಗೆ ಮೆತ್ತಗಿರುತ್ತದೆ, ಊರಿನ ಜಾಗ ಗೊತ್ತಿರುವ ಮೀನುಗಾರರೊಬ್ಬರನ್ನು ಮುಂದೆ ಬಿಟ್ಟುಕೊಂಡೇ ಕಾಲಿಡಿ.